ಅಂಗಿಗೆ ಆರು ಗುಂಡಿ, ಬೂಟಿಗೆರಡು ಲೇಸು

ಸ್ಕೂಲ್ ಯೂನಿಫಾರಂ ಅಂಗಿಯ ಒಂದೇ ಒಂದು ಗುಂಡಿಯನ್ನು ನಿಧಾನವಾಗಿ ಹಾಕಿ ನೋಡಿ. ಎಡಗೈ ಕಾಜದ ಅಂಚನ್ನು ಹಿಡಿದು ತುಸು ಬಿಗಿಯಾಗಿ ಎಳೆದಿರಬೇಕು. ಬಲಗೈಯ ಹೆಬ್ಬೆರಳು, ತೋರುಬೆರಳು ಗುಂಡಿಯನ್ನು ಓರೆ ಮಾಡಿ ಕಾಜದೊಳಗೆ ತೂರಿಸಬೇಕು. ಅರ್ಧ ತೂರಿದ ಕೂಡಲೇ ಎರಡೂ ಕೈ ಕೆಲಸ ಬದಲಿಸಿಕೊಳ್ಳಬೇಕು: ಬಟ್ಟೆ ಹಿಡಿದಿದ್ದ ಎಡಗೈ ಈಗ ಗುಂಡಿಯನ್ನು ಹಿಡಿದೆಳೆಯಬೇಕು, ಗುಂಡಿ ತಳ್ಳುತ್ತಿದ್ದ ಬಲಗೈ ಬಟ್ಟೆಯನ್ನು ಹಿಡಿಯಬೇಕು. ಕತ್ತಿನ ಗುಂಡಿಯಾದರಂತೂ ಇಷ್ಟನ್ನೂ ಕಣ್ಣಿಗೆ ಕಾಣದ ಜಾಗದಲ್ಲಿ, ಬೆರಳಿಗೆ ತಿಳಿದಷ್ಟರ ಮೇಲೆಯೇ ಮುಗಿಸಬೇಕು.

ದೊಡ್ಡವರು ಫೋನಿನಲ್ಲಿ ಮಾತಾಡುತ್ತಲೇ ಮುಗಿಸುವ ಕೆಲಸವಿದು. ಎಂಟು ವರ್ಷದ ಕೆಲವು ಮಕ್ಕಳಿಗೆ ಇದರಲ್ಲೇ ಬೆವರಿಳಿಯುತ್ತದೆ. ಹದಿನೈದರ ಮಗ್ಗಿಯನ್ನು ಗಟಗಟನೆ ಒಪ್ಪಿಸುವ ಹುಡುಗ ಮೂರನೇ ಗುಂಡಿಯನ್ನು ಎರಡನೇ ಕಾಜಕ್ಕೆ ಸಿಕ್ಕಿಸಿಕೊಂಡು ನಿಂತಿರುತ್ತಾನೆ. ಬೀದಿಯಲ್ಲಿ ವ್ಯಾನಿನವನು ಹಾರನ್ ಹೊಡೆಯುತ್ತಾನೆ. 'ಕೊಡೋ ಇಲ್ಲಿ, ನೀನು ಹಾಕಿದ ಹಾಗೇ' ಎಂದು ಅಮ್ಮ ಬಗ್ಗಿ ಆರೂ ಗುಂಡಿ ಹಾಕಿ, ಲೇಸು ಕಟ್ಟಿ, ಬ್ಯಾಗು ಹೆಗಲಿಗೇರಿಸಿ ಕಳಿಸುತ್ತಾಳೆ. ಮಧ್ಯಾಹ್ನದ ಡಬ್ಬಿ ಸಂಜೆ ಹಾಗೇ ತುಂಬಿಕೊಂಡು ವಾಪಸು ಬರುತ್ತದೆ. ಹಸಿವಿರಲಿಲ್ಲ ಅಂತಲ್ಲ. ಡಬ್ಬಿಯ ಕ್ಲಿಪ್ಪು ತೆಗೆಯಲು ಬರಲಿಲ್ಲ, ಮಿಸ್‌ ಹತ್ತಿರ ಕೇಳಲು ನಾಚಿಕೆಯಾಯಿತು. ಮನೆಯಲ್ಲಿ ಅವನಿಗೆ ಸೋಮಾರಿ ಎಂಬ ಹೆಸರು, ಶಾಲೆಯಲ್ಲಿ ಬೇಜವಾಬ್ದಾರಿ ಎಂಬ ಹೆಸರು. ಅಜ್ಜಿ ಮಾತ್ರ ಅವನ ಪರ: 'ಅವರಪ್ಪನೂ ಹೀಗೇ ಇದ್ದ, ಬೆಳೀತಾ ಸರಿಹೋಗತ್ತೆ ಬಿಡಿ.'

ಎಷ್ಟೋ ಮಕ್ಕಳ ವಿಷಯದಲ್ಲಿ ಅಜ್ಜಿಯ ಮಾತು ನಿಜವಾಗುತ್ತದೆ. ಒಬ್ಬೊಬ್ಬರ ಕೈ ಒಂದೊಂದು ವಯಸ್ಸಿಗೆ ಪಳಗುತ್ತದೆ. ಲೇಸು ಕಟ್ಟುವುದು ಐದು, ಆರು, ಕೆಲವರಿಗೆ ಏಳು ವರ್ಷಕ್ಕೂ ಬರುವ ವಿದ್ಯೆ. ಆದರೆ ಸರಿಹೋಗದ ಮಕ್ಕಳೂ ಇದ್ದಾರೆ, ಮತ್ತು ಅವರು ನಾವಂದುಕೊಂಡಷ್ಟು ಅಪರೂಪವಲ್ಲ. ವೈದ್ಯರು ಇದನ್ನು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಚಿಕ್ಕದಾಗಿ ಡಿಸಿಡಿ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ 5ರಿಂದ 11 ವರ್ಷದ ಮಕ್ಕಳಲ್ಲಿ ಶೇ 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ. ನಲವತ್ತು ಮಕ್ಕಳ ತರಗತಿಗೆ ಇಬ್ಬರು ಎಂದಾಯಿತು. ಬುದ್ಧಿಗೆ ಕೊರತೆಯಿಲ್ಲ, ಕಣ್ಣು ಸರಿಯಿದೆ, ನರದ ಕಾಯಿಲೆಯಿಲ್ಲ. ಆದರೂ ಮೈಯನ್ನು ಯಾವ ಕ್ರಮದಲ್ಲಿ, ಎಷ್ಟು ಬಲದಲ್ಲಿ ಆಡಿಸಬೇಕೆಂಬ ಲೆಕ್ಕ ಮಿದುಳಿಗೆ ಬೇಗ ಹತ್ತುವುದಿಲ್ಲ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿಯೂ ಜೊತೆಗಿರುವುದರಿಂದ ಬೈಗುಳ ಎರಡು ಪಾಲು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು ಗುರುತಿಗೆ ಬರುತ್ತದೆ. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ.

ಕನ್ನಡ ಶಾಲೆಯ ಮಕ್ಕಳಿಗೆ ಇದರ ಬಿಸಿ ಮೊದಲು ತಟ್ಟುವುದು ಕಾಪಿ ಪುಸ್ತಕದಲ್ಲಿ. ನಮ್ಮ ಅಕ್ಷರಗಳು ದುಂಡು. ಗೆರೆ ಎಲ್ಲಿ ಹೊರಳಬೇಕು, ಎಲ್ಲಿ ನಿಲ್ಲಬೇಕು ಎಂಬುದು ಬೆರಳಿಗೆ ತಾನಾಗಿ ಗೊತ್ತಿರಬೇಕು. 'ಸ್ವಾತಂತ್ರ್ಯ' ಎಂದು ಬರೆಯುವ ಮಗು ಗೆರೆಯ ಕೆಳಗಿಳಿದು ಒತ್ತು ಕೊಟ್ಟು, ಮೇಲೆ ಬಂದು ದೀರ್ಘ ಎಳೆದು, ಸೊನ್ನೆ ಹಾಕಿ, ಮತ್ತೆ ಕೆಳಗಿಳಿದು ಒಂದರ ಪಕ್ಕ ಇನ್ನೊಂದು ಒತ್ತು ಕೂರಿಸಬೇಕು. ಕೈ ಪಳಗದ ಮಗು ಒಂದೊಂದು ತಿರುವಿಗೂ ಯೋಚಿಸಿ ಬರೆಯುತ್ತದೆ. ಅಷ್ಟರಲ್ಲಿ ಮಿಸ್ ಬೋರ್ಡು ಒರೆಸಿರುತ್ತಾರೆ. ಬಾಯಲ್ಲಿ ಕೇಳಿದರೆ ಪೂರ್ತಿ ಪಾಠ ಹೇಳುವ ಮಗುವಿನ ನೋಟ್ಸು ಅರ್ಧಕ್ಕೇ ನಿಂತಿರುತ್ತದೆ. ಮೂರೂವರೆ ವರ್ಷದ ಮಕ್ಕಳಿಗೆ ನರ್ಸರಿಯಲ್ಲೇ ಪುಟಗಟ್ಟಲೆ ಬರೆಸುವ ನಮ್ಮ ಉತ್ಸಾಹದ ಬಗ್ಗೆ ಬೇರೆಯೇ ಲೇಖನ ಬರೆಯಬಹುದು. ಪೆನ್ಸಿಲ್ಲನ್ನು ಮೂರು ಬೆರಳಲ್ಲಿ ಹಿಡಿದು, ತೋಳಲ್ಲ, ಬೆರಳನ್ನೇ ಆಡಿಸಿ ಬರೆಯುವ ಹದ ಬರುವುದು ನಾಲ್ಕರಿಂದ ಆರು ವರ್ಷದೊಳಗೆ ಎಂದಷ್ಟೇ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಈ ಮಕ್ಕಳ ಜೊತೆ ಕೂತು ಕೆಲಸ ಮಾಡುವವರು ಆಕ್ಯುಪೇಷನಲ್ ಥೆರಪಿಸ್ಟರು. ಡಿಸಿಡಿ ಇರುವವರಷ್ಟೇ ಅಲ್ಲ, ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಮೈಯ ಚಲನೆ ಕುಂದುವುದು), ಆಟಿಸಂ, ಬೌದ್ಧಿಕ ಬೆಳವಣಿಗೆಯ ಹಿನ್ನಡೆ ಇರುವ ಮಕ್ಕಳೂ ಇವರಲ್ಲಿಗೆ ಬರುತ್ತಾರೆ. ಉಣ್ಣುವುದು, ಮೀಯುವುದು, ಉಡುವುದು, ಬರೆಯುವುದು, ಆಡುವುದು: ದಿನ ಬೆಳಗಾದರೆ ಮಗು ಮಾಡಬೇಕಾದ ಕೆಲಸಗಳೇ ಇವರ ಪಠ್ಯ. ಫಿಸಿಯೋಥೆರಪಿಯ ಜೊತೆ ಇದನ್ನು ಕಲೆಸಿ ನೋಡುವವರೇ ಹೆಚ್ಚು. ಎರಡಕ್ಕೂ ನಂಟಿದೆ, ಆದರೆ ಇವರ ಕಣ್ಣು ಸ್ನಾಯುವಿಗಿಂತ ಹೆಚ್ಚಾಗಿ ಆ ಸ್ನಾಯು ಮಾಡಬೇಕಾದ ಕೆಲಸದ ಮೇಲಿರುತ್ತದೆ.

ಈ ವೃತ್ತಿ ಹುಟ್ಟಿದ ಬಗೆಯಲ್ಲೇ ಆ ದೃಷ್ಟಿ ಇತ್ತು. ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬ ಅಮೆರಿಕದ ವಾಸ್ತುಶಿಲ್ಪಿ ಕ್ಷಯದಿಂದ ನರಳಿ, ಕೊನೆಗೆ ಎಡಭಾಗಕ್ಕೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ. ತೋಟಗೆಲಸ, ಮರಗೆಲಸ ಮಾಡುತ್ತ ತನ್ನ ಮೈಯನ್ನು ತಾನೇ ಮತ್ತೆ ಪಳಗಿಸಿಕೊಂಡ. 1917ರ ಮಾರ್ಚಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ಅವನ ಮನೆಯಲ್ಲೇ ಕೆಲವರು ಸೇರಿ ಈ ವೃತ್ತಿಯ ಮೊದಲ ಸಂಘ ಕಟ್ಟಿದರು. ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿ ನೆಲೆಸಿದ ಈಕೆ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಎರಡೇ ವರ್ಷಕ್ಕೆ, 1952ರಲ್ಲಿ, ಈ ವೃತ್ತಿಯ ವಿಶ್ವ ಒಕ್ಕೂಟ ಶುರುವಾದಾಗ ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಅಷ್ಟು ಹಿಂದೆಯೇ ಮುಂದಿದ್ದ ನಾವು ಎಪ್ಪತ್ತು ವರ್ಷದ ಮೇಲೂ 'ಅದೇನು ಥೆರಪಿ, ಕೆಲಸ ಕೊಡಿಸ್ತಾರಾ?' ಎಂದು ಕೇಳುತ್ತಿದ್ದೇವೆ.

ಒಳ್ಳೆಯ ಥೆರಪಿಸ್ಟ್ ಮೊದಲ ದಿನ ಹೆಚ್ಚು ಹೊತ್ತು ಕಳೆಯುವುದು ಪ್ರಶ್ನೆಗಳಲ್ಲಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ನಡೆಯುತ್ತದೆ, ಎಲ್ಲಿ ಜಗಳ, ಎಲ್ಲಿ ಅಳು, ಯಾವುದನ್ನು ಯಾರು ಮಾಡಿಕೊಡುತ್ತಾರೆ. 1991ರಲ್ಲಿ ಕೆನಡಾದಲ್ಲಿ ರೂಪುಗೊಂಡ ಒಂದು ಅಳತೆಗೋಲು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಮಗು ಅಥವಾ ಮನೆಯವರು ತಮಗೆ ತೊಡಕಾದ ಕೆಲಸಗಳನ್ನು ಹೇಳಬೇಕು, ಅದು ತಮಗೆ ಎಷ್ಟು ಮುಖ್ಯ, ಈಗ ಎಷ್ಟರಮಟ್ಟಿಗೆ ಆಗುತ್ತಿದೆ, ಆಗುತ್ತಿರುವುದು ಎಷ್ಟು ತೃಪ್ತಿ ಕೊಟ್ಟಿದೆ ಎಂದು ಒಂದರಿಂದ ಹತ್ತರೊಳಗೆ ಅಂಕ ಹಾಕಬೇಕು. ಕೆಲವು ತಿಂಗಳ ಮೇಲೆ ಮತ್ತೆ ಅದೇ ಅಂಕ. ಅಂದರೆ ಥೆರಪಿ ಫಲ ಕೊಟ್ಟಿತೋ ಇಲ್ಲವೋ ಎಂದು ತೀರ್ಮಾನಿಸುವವರು ಥೆರಪಿಸ್ಟ್ ಅಲ್ಲ, ಮನೆಯವರು. ಅಪ್ಪ 'ಅಕ್ಷರ ದುಂಡಗಾಗಬೇಕು' ಎಂದು ಬಂದಿರುತ್ತಾರೆ. ಮಗುವನ್ನು ಕೇಳಿದರೆ ಅದಕ್ಕೆ ಬೇಕಾಗಿರುವುದು ಸೈಕಲ್ಲು, ಇಲ್ಲವೇ ಪಿಟಿ ಪೀರಿಯಡ್ಡಿನಲ್ಲಿ ಚೆಂಡು ಹಿಡಿಯುವುದು. ಇಂಥ ಕಡೆ ಮಗುವಿನ ಪಟ್ಟಿಯಿಂದ ಶುರುಮಾಡುವ ಥೆರಪಿಸ್ಟರ ಮೇಲೆ ನನಗೆ ಹೆಚ್ಚು ನಂಬಿಕೆ.

ಆಮೇಲೆ ಕೆಲಸವನ್ನು ತುಂಡು ಮಾಡುತ್ತಾರೆ. ಚಡ್ಡಿ ಹಾಕುವುದನ್ನು ಕಲಿಸಬೇಕೆನ್ನಿ. ನಾವು ಸಾಮಾನ್ಯವಾಗಿ ಮೊದಲಿನಿಂದ ಕಲಿಸುತ್ತೇವೆ: ಇದು ಮುಂದುಗಡೆ, ಇದರಲ್ಲಿ ಕಾಲು ಹಾಕು. ಮಗು ಅಲ್ಲೇ ಸುಸ್ತು, ಉಳಿದದ್ದು ನಮ್ಮ ಪಾಲಿಗೆ. ಥೆರಪಿಸ್ಟರು ಬಹಳ ಸಲ ಕೊನೆಯಿಂದ ಹಿಡಿಯುತ್ತಾರೆ. ತೊಡೆಯವರೆಗೆ ತಾವೇ ಏರಿಸಿ, ಸೊಂಟಕ್ಕೆ ಎಳೆದುಕೊಳ್ಳುವ ಕೊನೇ ಹಂತವನ್ನಷ್ಟೇ ಮಗುವಿಗೆ ಬಿಡುತ್ತಾರೆ. ಅದು ಸಲೀಸಾದ ಮೇಲೆ ಮೊಣಕಾಲಿನಿಂದ, ಆಮೇಲೆ ಪಾದದಿಂದ. ಹೀಗೆ ಹಿಂದಕ್ಕೆ ಸರಿಯುತ್ತ ಹೋಗುವಾಗ ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗಿರುತ್ತದೆ. ದುಡ್ಡಿಲ್ಲ, ಸಲಕರಣೆಯಿಲ್ಲ, ನಾಳೆ ಬೆಳಿಗ್ಗೆಯೇ ಯಾರ ಮನೆಯಲ್ಲಾದರೂ ಶುರುಮಾಡಬಹುದು. ಬೇಕಾಗಿರುವುದು ಅಮ್ಮನೋ ಅಜ್ಜಿಯೋ ಕೈ ಕಟ್ಟಿಕೊಂಡು ಕಾಯುವ ಆ ಎರಡು ನಿಮಿಷ. ಅದೇ ನಮ್ಮ ಮನೆಗಳಲ್ಲಿ ದುಬಾರಿ.

ವಿದೇಶಿ ಪುಸ್ತಕ ನಂಬಿ ಹೊರಟರೆ ಇಲ್ಲಿ ಅಡಿಗಡಿಗೆ ಎಡವಬೇಕಾಗುತ್ತದೆ. ಅಲ್ಲಿನ ಪ್ರಶ್ನಾವಳಿ ಚಾಕು, ಫೋರ್ಕಿನ ಬಗ್ಗೆ ಕೇಳುತ್ತದೆ. ನಮ್ಮ ಮಗು ಅನ್ನ ಸಾರು ಕಲೆಸಿ, ಬೆರಳ ತುದಿಯಲ್ಲಿ ತುತ್ತು ಕೂಡಿಸಿ, ಹೆಬ್ಬೆರಳಿನಿಂದ ಬಾಯೊಳಕ್ಕೆ ತಳ್ಳಬೇಕು. ಮೊಣಕೈಗೆ ಸಾರು ಇಳಿಯಬಾರದು. ಒಂದೇ ಕೈಯಲ್ಲಿ ಚಪಾತಿ ಹರಿಯುವುದು ಇನ್ನೂ ಕಷ್ಟ: ಎರಡು ಬೆರಳು ಒತ್ತಿ ಹಿಡಿದಿರುವಾಗಲೇ ಅದೇ ಕೈಯ ಉಳಿದ ಬೆರಳು ಎಳೆಯಬೇಕು. ಅದಕ್ಕೆ ಹೋಲಿಸಿದರೆ ಮುದ್ದೆ ಸುಲಭ, ಉದುರುವುದಿಲ್ಲ, ಚೆಲ್ಲುವುದಿಲ್ಲ, ಬೆರಳಿಗೆ ಸರಿಯಾಗಿ ಸಿಗುತ್ತದೆ. ಆದರೆ ಸೆರೆಬ್ರಲ್ ಪಾಲ್ಸಿಯಿಂದ ನುಂಗುವುದೇ ತೊಡಕಾಗಿರುವ ಮಗುವಿಗೆ ಅಂಟಂಟಾದ ಮುದ್ದೆ ಅಪಾಯ, ಅದನ್ನು ಸ್ಪೀಚ್ ಥೆರಪಿಸ್ಟರನ್ನು ಕೇಳದೆ ಕೊಡಬಾರದು. ಇಂಥ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಗಂಜಿ ಹುಯ್ಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆಹಾರ ಶ್ವಾಸಕೋಶಕ್ಕೆ ಇಳಿದು ಪದೇ ಪದೇ ನ್ಯುಮೋನಿಯಾ ಆಗುವ ದಾರಿಯದು. ನೆಟ್ಟಗೆ ಕೂರಿಸಿ, ತಲೆ ಒಂಚೂರು ಮುಂದಕ್ಕೆ ಬಾಗುವಂತೆ ಆನಿಸಿ ತಿನ್ನಿಸುವುದನ್ನು ಕಲಿಸಿಕೊಡುವುದೂ ಈ ಥೆರಪಿಯ ಭಾಗವೇ.

ಪಾಯಿಖಾನೆಯ ಮಾತನ್ನು ಪತ್ರಿಕೆಗಳು ಬಿಟ್ಟುಬಿಡುತ್ತವೆ. ತಾಯಂದಿರು ಥೆರಪಿಸ್ಟರನ್ನು ಮೊದಲು ಕೇಳುವುದು ಅದನ್ನೇ. ಕುಕ್ಕರಗಾಲಿನಲ್ಲಿ ಕೂತು, ಬೀಳದೆ, ಒಂದು ಕೈಯಲ್ಲಿ ಚೊಂಬು ಬಾಗಿಸುತ್ತ ಇನ್ನೊಂದು ಕೈ ಹಿಂದಕ್ಕೆ ಒಯ್ದು ಕಣ್ಣಿಗೆ ಕಾಣದ್ದನ್ನು ತೊಳೆಯಬೇಕು. ಸಮತೋಲ, ಸೊಂಟ ತಿರುಗಿಸುವುದು, ಎರಡು ಕೈಗೆ ಎರಡು ಕೆಲಸ, ಎಲ್ಲ ಒಟ್ಟಿಗೆ. ಶಾಲೆಯ ಶೌಚಾಲಯಕ್ಕೆ ಹೋಗಲು ಹೆದರಿ ಬೆಳಗಿನಿಂದ ನೀರೇ ಕುಡಿಯದ ಮಕ್ಕಳಿದ್ದಾರೆ. ಗೋಡೆಗೊಂದು ಕಬ್ಬಿಣದ ಹಿಡಿ ಹಾಕಿಸುವುದು, ಚೊಂಬಿನ ಬದಲು ಹಿಡಿಯಿರುವ ಮಗ್ಗು ಇಡುವುದು, ಮನೆಯಲ್ಲಿ ಬಟ್ಟೆ ತೊಟ್ಟುಕೊಂಡೇ ಕೂತು ತೊಳೆಯುವ ಅಭ್ಯಾಸ ಮಾಡಿಸುವುದು, ಇಂಥ ಸಣ್ಣ ಏರ್ಪಾಡುಗಳಿಂದಲೇ ಮಗುವಿನ ಶಾಲೆಯ ದಿನ ಬದಲಾಗುತ್ತದೆ. ಇನ್ನು ಕೆಲವೆಡೆ ಮಗುವನ್ನು ಬದಲಿಸುವ ಬದಲು ವಸ್ತುವನ್ನೇ ಬದಲಿಸಿದರೆ ಮುಗಿಯಿತು. ಲೇಸಿನ ಬೂಟಿಗೆ ವೆಲ್ಕ್ರೋ, ಕ್ಲಿಪ್ಪಿನ ಡಬ್ಬಿಗೆ ಸುಲಭದ ಮುಚ್ಚಳ, ಚಮಚದ ಹಿಡಿಗೆ ಸುತ್ತಿದ ಹಳೇ ಬಟ್ಟೆ. ಕಪ್ಪು ಲೇಸಿನ ಬೂಟೇ ಬೇಕು ಎಂದು ಹಟ ಹಿಡಿಯುವ ಶಾಲೆಗಳು ವೆಲ್ಕ್ರೋಗೆ ಒಪ್ಪಿದರೆ ಕಳೆದುಕೊಳ್ಳುವುದೇನು ಎಂದು ನನಗೆ ಗೊತ್ತಾಗಿಲ್ಲ.

ಈಗ ಬಣ್ಣಬಣ್ಣದ ಉಯ್ಯಾಲೆಗಳಿಗೆ ಬರೋಣ. ಬೆಂಗಳೂರಿನಲ್ಲಿ ಮಕ್ಕಳ ಥೆರಪಿ ಕೇಂದ್ರವೆಂದರೆ ಮೊದಲು ಕಾಣುವುದು ಅವೇ: ತೂಗುವ ಹಾಸು, ದೊಡ್ಡ ಚೆಂಡು, ಬಾಲ್ ಪೂಲ್, ಮೆತ್ತನೆಯ ನೆಲ. ಇದರ ಹಿಂದಿರುವ ವಿಚಾರ ಎ. ಜೀನ್ ಏರ್ಸ್ ಅವರದು. ಕ್ಯಾಲಿಫೋರ್ನಿಯಾದ ಈ ಆಕ್ಯುಪೇಷನಲ್ ಥೆರಪಿಸ್ಟ್ 1972ರಲ್ಲಿ ಬರೆದ ಪುಸ್ತಕದಲ್ಲಿ, ಕಲಿಕೆಯಲ್ಲಿ ಹಿಂದೆ ಬಿದ್ದ ಕೆಲವು ಮಕ್ಕಳ ಮಿದುಳು ಇಂದ್ರಿಯಗಳಿಂದ ಬರುವ ಸುದ್ದಿಯನ್ನು ಸರಿಯಾಗಿ ಜೋಡಿಸಿಕೊಳ್ಳುವುದಿಲ್ಲ ಎಂದರು. ನೋಟ, ಶಬ್ದದ ಜೊತೆಗೆ ಮೈಯ ತೂಕ, ಕೀಲುಗಳ ಸ್ಥಿತಿ, ತೂಗಾಟ ಇವನ್ನು ತಿಳಿಸುವ ಒಳ ಇಂದ್ರಿಯಗಳನ್ನು ಅವರು ಲೆಕ್ಕಕ್ಕೆ ತಂದರು. ಆಟಿಸಂ ಇರುವ ಮಕ್ಕಳ ತಾಯಂದಿರಿಗೆ ಇದು ಪುಸ್ತಕದ ಮಾತಲ್ಲ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿ ಕಿರುಚುವುದು, ಕ್ಷೌರದಂಗಡಿಯ ಬಾಗಿಲಲ್ಲೇ ಹಟ ಹಿಡಿಯುವುದು, ಉಗುರು ತೆಗೆಯಲು ನಿದ್ದೆ ಬರುವವರೆಗೆ ಕಾಯಬೇಕಾಗುವುದು, ಅಂಗಿಯ ಕಾಲರಿನ ಲೇಬಲ್ ಕತ್ತರಿಸದೆ ಹಾಕಿಕೊಳ್ಳದಿರುವುದು, ಇವೆಲ್ಲ ಅವರ ದಿನಚರಿ. 'ಮೊಂಡಾಟ' ಎಂದು ನೆಂಟರು ಅಂದುಕೊಂಡಿದ್ದಕ್ಕೆ ಬೇರೆ ಕಾರಣ ತೋರಿಸಿದ್ದು ಏರ್ಸ್ ಕಟ್ಟಿದ ದಾರಿ.

ಕಾರಣ ತಿಳಿಯುವುದು ಬೇರೆ, ಅದಕ್ಕೆ ಉಯ್ಯಾಲೆಯೇ ಮದ್ದು ಎನ್ನುವುದು ಬೇರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಈ ಬಗೆಯ ಚಿಕಿತ್ಸೆಗೆ ಸಾಕ್ಷ್ಯ ಅಷ್ಟಕ್ಕಷ್ಟೇ, ತಂದೆತಾಯಿಗೆ ಅದನ್ನು ತಿಳಿಸಿ ಎಂದು ವೈದ್ಯರಿಗೆ ಸೂಚಿಸಿತು. ಆಸ್ಟ್ರೇಲಿಯಾದ ಐಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನೆಲ್ಲ ಹರಡಿಕೊಂಡು, ಸಿಗ್ನಲ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದರು. ಆ ಪಟ್ಟಿಯಲ್ಲಿ ಸೆನ್ಸರಿ ಇಂಟಿಗ್ರೇಷನ್, ಅಂದರೆ ಏರ್ಸ್ ಅವರ ಈ ಚಿಕಿತ್ಸೆ, ಕೆಂಪಿಗೆ ಬಿತ್ತು. ಬೇಕಾದ ಕೆಲಸವನ್ನೇ ಗುರಿಯಾಗಿಟ್ಟು ಮಾಡಿಸುವ ತರಬೇತಿ, ಮನೆಯಲ್ಲಿ ಮಾಡುವ ಅಭ್ಯಾಸ ಹಸಿರಿಗೆ ಬಂದವು. ಆಮೇಲಿನ ಕೆಲವು ಅಧ್ಯಯನಗಳು, ಏರ್ಸ್ ಅವರ ಕ್ರಮವನ್ನು ಅಚ್ಚುಕಟ್ಟಾಗಿ ಪಾಲಿಸಿದರೆ ಆಟಿಸಂ ಇರುವ ಕೆಲವು ಮಕ್ಕಳಿಗೆ ದಿನದ ಕೆಲಸಗಳಲ್ಲಿ ಪ್ರಯೋಜನವಾಗುತ್ತದೆ ಎಂದಿವೆ. ಆದ್ದರಿಂದ ಉಯ್ಯಾಲೆಯೇ ಮೋಸ ಎನ್ನುವುದು ತಪ್ಪು. ವಾರಕ್ಕೆ ಮೂರು ದಿನ, ಆರು ತಿಂಗಳು ಮಗು ತೂಗಿ ಬಂದರೂ ಮನೆಯಲ್ಲಿ ತಟ್ಟೆಯ ಮುಂದೆ, ಬಚ್ಚಲಲ್ಲಿ ಏನು ಬದಲಾಯಿತು ಎಂದು ಯಾರೂ ಕೇಳದಿರುವುದು ತಪ್ಪು. 'ಯಾವ ಕೆಲಸಕ್ಕಾಗಿ ಇದನ್ನು ಮಾಡಿಸುತ್ತಿದ್ದೀರಿ ಮೇಡಂ, ಅದು ಎಂದಿಗೆ ಗೊತ್ತಾಗುತ್ತದೆ, ಮನೆಯಲ್ಲಿ ನಾನೇನು ಮಾಡಬೇಕು?' ಎಂದು ಕೇಳುವ ಹಕ್ಕು ಫೀಸು ಕಟ್ಟುವವರಿಗಿದೆ. ಬಾಗಿಲು ಮುಚ್ಚಿ ಒಳಗೆ ಮಗುವನ್ನು, ಹೊರಗೆ ಅಮ್ಮನನ್ನು ಕೂರಿಸುವ ಕೇಂದ್ರವಾದರೆ ಈ ಪ್ರಶ್ನೆಯನ್ನು ಇನ್ನೂ ಬೇಗ ಕೇಳಬೇಕು.

ಡಿಸಿಡಿ ಮಕ್ಕಳಿಗೂ ಅಂತರರಾಷ್ಟ್ರೀಯ ಪರಿಣತರು 2019ರ ಮಾರ್ಗಸೂಚಿಯಲ್ಲಿ ಹೇಳಿದ್ದು ಇದನ್ನೇ: ಸೈಕಲ್ ಕಲಿಯಬೇಕಾದ ಮಗುವಿಗೆ ಸೈಕಲ್ಲನ್ನೇ ಕಲಿಸಿ. ಕೆನಡಾದ ಹೆಲೀನ್ ಪೊಲಟಾಯ್ಕೊ ಮತ್ತು ಆಂಜೆಲಾ ಮ್ಯಾಂಡಿಚ್ ರೂಪಿಸಿದ ಒಂದು ವಿಧಾನ ನನಗೆ ಬಹಳ ಹಿಡಿಸಿತು. ಅದರಲ್ಲಿ ಮಗುವೇ ಮೂರು ಗುರಿ ಆರಿಸಿಕೊಳ್ಳುತ್ತದೆ. ಥೆರಪಿಸ್ಟ್ ಕೈ ಹಿಡಿದು ಮಾಡಿಸುವುದಿಲ್ಲ. ಗುರಿ ಏನು, ಹೇಗೆ ಮಾಡುವುದು, ಮಾಡು, ಆಯಿತಾ ನೋಡು ಎಂಬ ನಾಲ್ಕು ಮಾತನ್ನು ಮಗುವಿನ ಬಾಯಿಗೆ ಹತ್ತಿಸುತ್ತಾರೆ. ಲೇಸು ಕಟ್ಟುವಾಗ ಕುಣಿಕೆ ಜಾರಿತು ಎನ್ನಿ. 'ಯಾಕೆ ಜಾರಿರಬಹುದು ಪುಟ್ಟಾ?' ಎಂದು ಕೇಳಿ ಸುಮ್ಮನಿರುತ್ತಾರೆ. ಮಗು ತಡಕಾಡಿ, 'ಗಟ್ಟಿಯಾಗಿ ಹಿಡಿದಿರಲಿಲ್ಲ, ಮೊದಲನೇ ಕುಣಿಕೆ ದೊಡ್ಡದಾಯ್ತು' ಎನ್ನುತ್ತದೆ. ಬೇರೆಯವರಿಗೆ ಮೈಯೇ ಕಲಿತುಕೊಳ್ಳುವುದನ್ನು ಈ ಮಗು ಯೋಚನೆಯ ದಾರಿಯಿಂದ ಸುತ್ತಿ ಹೋಗಿ ಕಲಿಯುತ್ತದೆ. ಬುದ್ಧಿ ಚುರುಕಿದ್ದು ಕೈ ಹಿಂದೆ ಬಿದ್ದ ಮಕ್ಕಳಿಗೆ ಇದು ಹೇಳಿ ಮಾಡಿಸಿದಂತಿದೆ. ಸುಮಾರು ಹತ್ತು ಭೇಟಿಗಳಲ್ಲಿ ಮುಗಿಯುವ ಈ ಕ್ರಮದಲ್ಲಿ ಮಗು ಮೂರು ಕೆಲಸದ ಜೊತೆಗೆ ನಾಲ್ಕನೆಯದನ್ನು ತಾನೇ ಕಲಿಯುವ ಉಪಾಯವನ್ನೂ ಹೊತ್ತುಕೊಂಡು ಹೋಗಬೇಕೆಂಬುದು ಲೆಕ್ಕಾಚಾರ.

ಮೈಯ ಒಂದು ಪಕ್ಕ ದುರ್ಬಲವಾಗಿರುವ ಸೆರೆಬ್ರಲ್ ಪಾಲ್ಸಿಯಲ್ಲಿ ಇನ್ನೊಂದು ವಿಧಾನವಿದೆ. ಚೆನ್ನಾಗಿರುವ ಕೈಗೆ ದಿನದ ಕೆಲವು ಗಂಟೆ ಗವಸು ಹಾಕಿ, ಸುಮ್ಮನೆ ಕೂತುಬಿಟ್ಟ ಕೈಯಿಂದಲೇ ಆಡಿಸುವುದು. ಕೆಲವು ವಾರ ಹೀಗೆ ಮಾಡಿ, ಎರಡೂ ಕೈ ಬೇಕಾಗುವ ಆಟಗಳಿಗೆ ಬರುತ್ತಾರೆ. ಇದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ತಿಳಿದವರ ಉಸ್ತುವಾರಿ ಮಾತ್ರ ಬೇಕೇ ಬೇಕು, ಇಲ್ಲವಾದರೆ ಮಗು ರೋಸಿಹೋಗುತ್ತದೆ. ಆಡಿಸುವ ಸಾಮಾನಿಗೆ ನಮ್ಮಲ್ಲಿ ಬರವಿಲ್ಲ. ಅಳಗುಳಿ ಮಣೆಯಲ್ಲಿ ಒಂದೊಂದೇ ಹುಣಸೆ ಬೀಜ ಬಿಡುತ್ತ ಹೋಗುವುದು, ಚೌಕಾಬಾರದ ಕವಡೆ ಕುಲುಕಿ ಎಸೆಯುವುದು, ಬಟಾಣಿ ಸುಲಿಯುವುದು. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿತುಕಿ ಬೇಳೆ ಹಾರಿಸುವುದಕ್ಕೆ ಬೇಕಾದ ಹಿಡಿತವೇ ಗುಂಡಿಗೂ ಪೆನ್ಸಿಲ್ಲಿಗೂ ಬೇಕಾದದ್ದು. ಆದರೆ ಇಲ್ಲೊಂದು ಎಚ್ಚರಿಕೆ: ಅವರೆ ಹಿತುಕಿದ ಮಗು ಅವರೆ ಹಿತುಕುವುದನ್ನು ಚೆನ್ನಾಗಿ ಕಲಿಯುತ್ತದೆ. ಗುಂಡಿ ಹಾಕುವುದನ್ನು ಗುಂಡಿಯ ಮೇಲೆಯೇ ಕಲಿಯಬೇಕು.

ಮನೆಯ ಅಭ್ಯಾಸ ಎಂದರೆ ಅಮ್ಮಂದಿರ ತಲೆಗೆ ಇನ್ನೊಂದು ಹೊರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ನೊವಾಕ್ ಅವರದೇ ಇನ್ನೊಂದು ಅಧ್ಯಯನ, 2009ರದ್ದು, ಈ ಬಗ್ಗೆ ಸ್ವಲ್ಪ ಧೈರ್ಯ ಕೊಡುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ 36 ಮಕ್ಕಳಲ್ಲಿ ಕೆಲವರ ಮನೆಯವರಿಗೆ ಅವರೇ ಆರಿಸಿದ ಗುರಿಗಳ ಮೇಲೆ ಮನೆಪಾಠ ಹೇಳಿಕೊಟ್ಟರು. ದಿನ ಬಿಟ್ಟು ದಿನ ಎಂಬಂತೆ, ಸಲಕ್ಕೆ ಕಾಲು ಗಂಟೆ ಚಿಲ್ಲರೆ ಮಾಡಿಸಿದ ಮನೆಗಳ ಮಕ್ಕಳು ಎಂಟು ವಾರದಲ್ಲಿ ಉಳಿದವರಿಗಿಂತ ಮುಂದಿದ್ದರು. ಕಾಲು ಗಂಟೆ ಎಂದರೆ ಧಾರಾವಾಹಿಯ ಅರ್ಧ ಕಂತು. ಅದನ್ನು ಅಪ್ಪಂದಿರೂ ಬಿಟ್ಟುಕೊಡಬಹುದು. ಬೆಳಗಿನ ಗಡಿಬಿಡಿಯಲ್ಲಿ ಕಲಿಸಲು ಹೋಗಬೇಡಿ, ಸಂಜೆ ಬಟ್ಟೆ ಬದಲಿಸುವಾಗ, ರಜೆಯ ದಿನ ಸ್ನಾನದ ಹೊತ್ತಿಗೆ ಮಾಡಿ ಎಂದು ಥೆರಪಿಸ್ಟರು ಹೇಳುವುದು ಇದಕ್ಕೇ.

ನಮ್ಮ ರಾಜ್ಯದಲ್ಲಿ ಇದೆಲ್ಲ ಎಲ್ಲಿ ಸಿಗುತ್ತದೆ? ಮಣಿಪಾಲದಲ್ಲಿ ಈ ವಿಷಯದಲ್ಲಿ ಪದವಿ ಕೊಡುವ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ದೂರದೂರದಿಂದ ಜನ ಬರುತ್ತಾರೆ. 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಇಂಥ ಸಂಸ್ಥೆಗಳು ಬಹಳ ಕಾಲದಿಂದ ಕೆಲಸ ಮಾಡುತ್ತಿವೆ. ಸರ್ಕಾರದ ಲೆಕ್ಕದಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕು, ತೊಡಕಿರುವವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಚಲನೆಯ ಬೆಳವಣಿಗೆ ಹಿಂದೆ ಬಿದ್ದಿರುವುದೂ ಅವರ ಪಟ್ಟಿಯಲ್ಲಿದೆ. ತಾಲ್ಲೂಕುಗಳಲ್ಲಿ ಬಿಐಇಆರ್‌ಟಿ ಎಂದು ಕರೆಯುವ ವಿಶೇಷ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದ ಮಗುವಿನ ಮನೆಗೇ ಹೋಗುತ್ತಾರೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಅದರಲ್ಲಿ ಥೆರಪಿಯ ಖರ್ಚಿಗೂ ಒಂದಿಷ್ಟು ಪಾಲಿದೆ.

ಕಾಗದದ ಮೇಲೆ ಇಷ್ಟಿದ್ದರೂ ತಾಲ್ಲೂಕಿನ ಮಗುವಿಗೆ ಆಕ್ಯುಪೇಷನಲ್ ಥೆರಪಿಸ್ಟ್ ಸಿಗುವುದು ಕಷ್ಟವೇ. ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಮಗುವನ್ನು ಸೊಂಟದ ಮೇಲೆ ಹೊತ್ತು ಜಿಲ್ಲಾ ಕೇಂದ್ರಕ್ಕೆ ವಾರಕ್ಕೊಮ್ಮೆ ಬಾ ಎಂದರೆ ಮೂರನೇ ವಾರಕ್ಕೆ ನಿಲ್ಲುತ್ತದೆ. ತಿಂಗಳಿಗೊಮ್ಮೆ ಕರೆದು, ಮನೆಯಲ್ಲಿ ಮಾಡುವುದನ್ನು ಕೈಯಾರೆ ತೋರಿಸಿ, ನಡುವೆ ಫೋನಿನಲ್ಲಿ ವಿಡಿಯೊ ತರಿಸಿಕೊಂಡು ತಿದ್ದುವುದೇ ಇಲ್ಲಿಗೆ ಹೊಂದುವ ದಾರಿ. ಡಿಸಿಡಿ ಮಕ್ಕಳ ಸ್ಥಿತಿ ಇನ್ನೂ ವಿಚಿತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸಿಡಿಯ ಹೆಸರಿಲ್ಲ. ಕಲಿಕಾ ನ್ಯೂನತೆ ಇರುವವರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಇದೆ. ಕೈ ಮಾತ್ರ ಹಿಂದಿರುವ ಈ ಮಕ್ಕಳು ಆ ಬಾಗಿಲಿನಿಂದ ಒಳಗೆ ಹೋಗಬೇಕಾದರೆ ಬೇರೊಂದು ಹೆಸರಿನ ಪ್ರಮಾಣಪತ್ರ ಹಿಡಿಯಬೇಕು. ಯಾರು ಬೇಕಾದರೂ ಥೆರಪಿಸ್ಟ್ ಎಂದು ಬೋರ್ಡು ಹಾಕುವುದನ್ನು ತಡೆಯಲು 2021ರಲ್ಲಿ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ ಬಂದಿದೆ. ಅದರ ನೋಂದಣಿಯ ಬಿಗಿ ಬೀದಿಯ ಕೇಂದ್ರಗಳಿಗೆ ತಟ್ಟುವವರೆಗೆ, ಕಲಿತದ್ದೆಲ್ಲಿ, ಪದವಿ ಯಾವುದು ಎಂದು ನಾವೇ ಕೇಳಿ ತಿಳಿಯಬೇಕು.

ಮಗು ಬೆಳೆದಂತೆ ಪಟ್ಟಿಯೂ ಬೆಳೆಯುತ್ತದೆ, ಅದನ್ನು ಮನೆಯವರು ಮರೆಯುತ್ತಾರೆ. ಹದಿಮೂರರ ಹುಡುಗಿಗೆ ಬಣ್ಣದ ಮಣಿ ಪೋಣಿಸಲು ಕೊಟ್ಟು ಕೂರಿಸುವ ಕೇಂದ್ರಗಳಿವೆ. ಅವಳಿಗೆ ಈಗ ಬೇಕಾಗಿರುವುದು ಪ್ಯಾಡನ್ನು ಸರಿಯಾಗಿ ಅಂಟಿಸಿ, ಹೊತ್ತಿಗೆ ಬದಲಿಸಿ, ಕಾಗದದಲ್ಲಿ ಸುತ್ತಿ ಎಸೆಯುವುದು. ಥೆರಪಿಸ್ಟರು ಇದನ್ನೂ ಹಂತಹಂತವಾಗಿ ಕಲಿಸುತ್ತಾರೆ, ಒಣ ಬಟ್ಟೆಯ ಮೇಲೆ ಅಭ್ಯಾಸ ಮಾಡಿಸಿ, ಬಚ್ಚಲ ಗೋಡೆಗೆ ಚಿತ್ರ ಅಂಟಿಸಿ. ಋತುಮತಿಯಾಗುವ ಮೊದಲೇ ಶುರುಮಾಡಿದರೆ ಗಾಬರಿ ಕಡಿಮೆ. ಹುಡುಗನಿಗೆ ಗಡ್ಡ ಹೆರೆಯುವುದು, ಗ್ಯಾಸ್ ಹಚ್ಚಿ ಚಹಾ ಮಾಡುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತರುವುದು. ಆಮೇಲೆ ಬಸ್ಸು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸನ್ನು ಹೆಣ್ಣುಮಕ್ಕಳಿಗೆ ಉಚಿತವಾಗಿಸಿದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ದುಡ್ಡಿನ ಲೆಕ್ಕ ತಪ್ಪಿದೆ. ಆಧಾರ್ ಕಾರ್ಡು ತೆಗೆದು ತೋರಿಸಿ, ಊರಿನ ಹೆಸರು ಹೇಳಿ, ಶೂನ್ಯ ಟಿಕೆಟ್ ಪಡೆದು, ಇಳಿಯುವವರೆಗೆ ಅದನ್ನು ಕಳೆಯದೆ ಇಟ್ಟುಕೊಳ್ಳಬೇಕು. ಮೊದಲು ಖಾಲಿ ಹೊತ್ತಿನಲ್ಲಿ ಎರಡು ಸ್ಟಾಪು, ಥೆರಪಿಸ್ಟ್ ಪಕ್ಕದಲ್ಲಿ. ಆಮೇಲೆ ಎರಡು ಸೀಟು ಹಿಂದೆ. ಒಬ್ಬಳನ್ನೇ ಕಳಿಸುವ ಹಂತ ಬಂದಾಗ ಅಭ್ಯಾಸ ಹುಡುಗಿಗೆ ಆಗಿರುತ್ತದೆ, ಮನೆಯವರಿಗೆ ಆಗಿರುವುದಿಲ್ಲ. ಆದ್ದರಿಂದ ಬೆಂಗಳೂರಿನ ಬಿಎಂಟಿಸಿಯಲ್ಲಾದರೆ ಮಗಳು ಮುಂದಿನ ಬಾಗಿಲಲ್ಲಿ, ಅವಳಿಗೆ ಹೇಳದೆ ಅಪ್ಪ ಹಿಂದಿನ ಬಾಗಿಲಲ್ಲಿ, ಕೆಲವು ದಿನ ಹೀಗೂ ನಡೆಯುತ್ತದೆ.